ಪೋರ್ಟ್ 25ರ ಹಿಂದಿನ ಮನುಷ್ಯ: ಜಾನ್ ಪೋಸ್ಟೆಲ್

ನಮ್ಮಲ್ಲಿ ಎಷ್ಟು ಜನ ಜಾನ್ ಪೋಸ್ಟೆಲ್ ಅನ್ನೋ ಹೆಸರು ಕೇಳಿದ್ದೀವಿ? ಕೈ ಎತ್ತುವವರು ಕಮ್ಮಿ. ಆದರೆ ಕೋಡಿಂಗ್ ಶುರು ಮಾಡಿದ ದಿನದಿಂದ ನಾವೆಲ್ಲ ಅವರ ಪಟ್ಟಿಯ ನಂಬರ್‌ಗಳನ್ನೇ ಟೈಪ್ ಮಾಡ್ತಾ ಇದ್ದೀವಿ. ವೆಬ್‌ಗೆ ಪೋರ್ಟ್ 80, ಎಸ್‌ಎಸ್‌ಎಚ್‌ಗೆ 22, ಇಮೇಲ್‌ಗೆ 25. ಈ ನಂಬರ್‌ಗಳು ಆಕಾಶದಿಂದ ಉದುರಿದ್ದಲ್ಲ. ಯಾವ ಕೆಲಸಕ್ಕೆ ಯಾವ ನಂಬರ್ ಅಂತ ಒಬ್ಬರು ಕೂತು ಲೆಕ್ಕ ಇಟ್ಟರು, 25 ವರ್ಷಕ್ಕೂ ಹೆಚ್ಚು ಕಾಲ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಇಮೇಲ್ ಹೋಗುವ ನಿಯಮ ಬರೆದವರೂ ಅವರೇ. ಹೆಸರಿನಲ್ಲೇ ಪೋಸ್ಟ್ ಇರೋದು ಕಾಕತಾಳೀಯ ಅಷ್ಟೆ.

ಈ ಸಂಚಿಕೆಗೆ ಅವರ ಬಗ್ಗೆ ಬರೆಯೋಣ ಅಂತ ಓದಲು ಕೂತಾಗ ನಮ್ಮ ತಲೆಯಲ್ಲಿ ಉಳಿದದ್ದು ಒಂದು ಚಿಕ್ಕ ಕಮಾಂಡ್. ಅದರ ಹೆಸರು ಟರ್ನ್. ದಿನಕ್ಕೆ ಎರಡು ಮೂರು ಸಲ ಮಾತ್ರ ಫೋನ್ ಲೈನ್ ಮೂಲಕ ಇಂಟರ್ನೆಟ್‌ಗೆ ಸೇರುವ ಆಫೀಸಿಗೆ ಮೇಲ್ ತಲುಪಿಸೋದು ಹೇಗೆ ಎಂಬ ಪ್ರಶ್ನೆಗೆ ಅವರು 1982ರಲ್ಲೇ ಬರೆದಿಟ್ಟಿದ್ದ ಉತ್ತರ ಅದು. ಉತ್ತರ ಚೆನ್ನಾಗಿಯೇ ಇತ್ತು. ಆದರೆ ಲೈನಿನ ಆ ತುದಿಯಲ್ಲಿ ಇರುವವನು ತನ್ನ ಹೆಸರು ನಿಜವಾಗಿಯೇ ಹೇಳ್ತಾನೆ ಅಂತ ಅದು ನಂಬಿತ್ತು. ಪೋಸ್ಟೆಲ್ ಅವರ ಕೆಲಸವೆಲ್ಲ ಹೀಗೆ ಒಬ್ಬರನ್ನೊಬ್ಬರು ನಂಬುವ ಜನರ ನಡುವೆಯೇ ಬೆಳೆದದ್ದು.

ಅವರು ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ. ಓದಿದ್ದು ಲಾಸ್ ಏಂಜಲೀಸ್‌ನ ವ್ಯಾನ್ ನೈಸ್ ಹೈಸ್ಕೂಲಿನಲ್ಲಿ. ಮುಂದೆ ಇಂಟರ್ನೆಟ್ ಕಟ್ಟಿದವರಲ್ಲಿ ಮುಖ್ಯರಾದ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಓದಿದ್ದೂ ಅದೇ ಶಾಲೆಯಲ್ಲಿ. ಒಂದೇ ಶಾಲೆಯಿಂದ ಮೂವರು! ನೀರಿನಲ್ಲಿ ಏನಿತ್ತೋ ಗೊತ್ತಿಲ್ಲ. ಆಮೇಲೆ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ 1966ಕ್ಕೆ ಎಂಜಿನಿಯರಿಂಗ್ ಪದವಿ, 1968ಕ್ಕೆ ಸ್ನಾತಕೋತ್ತರ, 1974ಕ್ಕೆ ಪಿಎಚ್‌ಡಿ.

ಆ ಪಿಎಚ್‌ಡಿ ನಡುವೆಯೇ ಇತಿಹಾಸ ನಡೆದುಹೋಯಿತು. ಪ್ರೊಫೆಸರ್ ಲಿಯೊನಾರ್ಡ್ ಕ್ಲೈನ್‌ರಾಕ್ ಅವರ ಲ್ಯಾಬ್‌ನಲ್ಲಿ ಪೋಸ್ಟೆಲ್ ಸಂಶೋಧನಾ ವಿದ್ಯಾರ್ಥಿ. 1969ರಲ್ಲಿ ಅರ್ಪಾನೆಟ್‌ನ ಮೊದಲ ನೋಡ್ ಬಂದು ಕೂತದ್ದು ಅಲ್ಲಿಗೇ. ಅಕ್ಟೋಬರ್ 29ರ ರಾತ್ರಿ ಅಲ್ಲಿಂದ ಸ್ಟ್ಯಾನ್‌ಫೋರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನ ಕಂಪ್ಯೂಟರಿಗೆ ಲಾಗಿನ್ ಅಂತ ಟೈಪ್ ಮಾಡಲು ಹೊರಟರೆ ಮೊದಲ ಎರಡು ಅಕ್ಷರ ಹೋಗುವಷ್ಟರಲ್ಲಿ ಆ ಕಡೆಯ ಯಂತ್ರ ಕ್ರ್ಯಾಶ್ ಆಯಿತು. ಮೊದಲ ಡೆಮೊದಲ್ಲೇ ಕ್ರ್ಯಾಶ್. ನಮ್ಮ ಮಿನಿ ಪ್ರಾಜೆಕ್ಟ್‌ಗಳಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕಾ?

ಆ ವಿದ್ಯಾರ್ಥಿಗಳಿಗೆ ನೆಟ್‌ವರ್ಕ್ ಹೇಗೆ ಮಾತಾಡಬೇಕು ಅಂತ ಹೇಳಿಕೊಡುವವರು ಯಾರೂ ಇರಲಿಲ್ಲ. ತಾವೇ ಚರ್ಚೆ ಮಾಡಿ, ಟಿಪ್ಪಣಿ ಬರೆದು ಹಂಚಿಕೊಳ್ಳುತ್ತಿದ್ದರು. ದೊಡ್ಡವರು ಬೇಜಾರು ಮಾಡ್ಕೊಳ್ಳದ ಹಾಗೆ ಆ ಟಿಪ್ಪಣಿಗಳಿಗೆ ಅಭಿಪ್ರಾಯ ಕೋರುವ ಕಾಗದ ಅಂತ ವಿನಯದ ಹೆಸರಿಟ್ಟರು. ಅದೇ ಇವತ್ತಿನ ಆರ್‌ಎಫ್‌ಸಿ. ಮೊದಲನೆಯದನ್ನು ಕ್ರಾಕರ್ 1969ರ ಏಪ್ರಿಲ್‌ನಲ್ಲಿ ಬರೆದರು. ಅವುಗಳ ಸಂಪಾದಕನ ಕೆಲಸ ಪೋಸ್ಟೆಲ್ ಹೆಗಲಿಗೆ ಬಿತ್ತು, ಸಾಯುವವರೆಗೂ ಇಳಿಯಲಿಲ್ಲ. 2,400ಕ್ಕೂ ಹೆಚ್ಚು ಆರ್‌ಎಫ್‌ಸಿಗಳು ಅವರ ಕಾಲದಲ್ಲಿ ಬಂದವು. ಪಾರಿವಾಳದ ಕಾಲಿಗೆ ಪ್ಯಾಕೆಟ್ ಕಟ್ಟಿ ಕಳಿಸುವ ವಿಧಾನ ಹೇಳುವ 1990ರ ಏಪ್ರಿಲ್ 1ರ ಆರ್‌ಎಫ್‌ಸಿ 1149 ಕೂಡ ಅದರಲ್ಲಿ ಒಂದು. ಅಂಥದ್ದನ್ನೂ ಗಂಭೀರ ಮುಖ ಮಾಡಿಕೊಂಡು ಪ್ರಕಟಿಸಿದ ಸಂಪಾದಕ ಅಂದ್ರೆ ಅವರು ಹೇಗಿದ್ದಿರಬಹುದು ಅಂತ ಒಂದು ಅಂದಾಜು ಸಿಗುತ್ತೆ.

ನಂಬರ್ ಹಂಚುವ ಕೆಲಸ ಶುರುವಾದದ್ದೂ ಹೀಗೇ, ಯಾರೂ ನೇಮಕ ಮಾಡದೆ. 1972ರ ಮೇ ತಿಂಗಳ ಆರ್‌ಎಫ್‌ಸಿ 349ರಲ್ಲಿ, ಒಂದೊಂದು ಸೇವೆಗೆ ಒಂದೊಂದು ನಂಬರ್ ಕೊಡಲು ಒಬ್ಬ ಯಜಮಾನ ಬೇಕು, ಅದು ನಾನೇ ಆಗಬಹುದೇನೋ ಅಂತ ಪೋಸ್ಟೆಲ್ ಬರೆದರು. ಯಾರೂ ಬೇಡ ಅನ್ನಲಿಲ್ಲ. ಮುಂದೆ ಈ ಕೆಲಸಕ್ಕೆ ಐಎಎನ್‌ಎ ಅಂತ ದೊಡ್ಡ ಹೆಸರು ಬಂತು. ಹೆಸರು ಕೇಳಿದರೆ ಹತ್ತು ಮಹಡಿಯ ಕಟ್ಟಡ ಕಣ್ಣಿಗೆ ಬರುತ್ತೆ. ಒಳಗೆ ಇದ್ದದ್ದು ಮುಖ್ಯವಾಗಿ ಪೋಸ್ಟೆಲ್ ಮತ್ತು ಅವರ ಜೊತೆ ವರ್ಷಗಟ್ಟಲೆ ದುಡಿದ ಜಾಯ್ಸ್ ರೆನಾಲ್ಡ್ಸ್. 1995ರಲ್ಲಿ ಫಿನ್ಲೆಂಡಿನ ಟಾಟು ಯಲೋನೆನ್ ತಾವು ಬರೆದ ಎಸ್‌ಎಸ್‌ಎಚ್ ಪ್ರೋಗ್ರಾಂಗೆ ನಂಬರ್ 22 ಸಿಗಬಹುದಾ ಅಂತ ಒಂದು ಮೇಲ್ ಹಾಕಿದರು. ಮರುದಿನವೇ ಜಾಯ್ಸ್ ಅವರಿಂದ ಉತ್ತರ ಬಂತು, ನಂಬರ್ ಸಿಕ್ಕಿತು. ಅರ್ಜಿ ಫಾರಂ ಇಲ್ಲ, ಫೀಸ್ ಇಲ್ಲ, ಎಚ್‌ಒಡಿ ಸಹಿ ಇಲ್ಲ!

1977ರಿಂದ ಕೊನೆಯವರೆಗೂ ಪೋಸ್ಟೆಲ್ ಇದ್ದದ್ದು ಲಾಸ್ ಏಂಜಲೀಸ್ ಹತ್ತಿರದ ಮರೀನಾ ಡೆಲ್ ರೇಯಲ್ಲಿ, ಯುಎಸ್‌ಸಿ ವಿಶ್ವವಿದ್ಯಾಲಯದ ಐಎಸ್‌ಐ ಸಂಸ್ಥೆಯಲ್ಲಿ. ಫೋಟೋಗಳಲ್ಲಿ ಅವರನ್ನು ನೋಡಿದರೆ ಉದ್ದ ಗಡ್ಡ, ಕಾಲಿಗೆ ಚಪ್ಪಲಿ, ಯಾವುದೋ ಆಶ್ರಮದಿಂದ ಎದ್ದು ಬಂದವರ ಹಾಗೆ ಕಾಣ್ತಾರೆ. ರಜೆ ಸಿಕ್ಕರೆ ಬೆನ್ನಿಗೆ ಚೀಲ ಹಾಕಿಕೊಂಡು ಸಿಯೆರಾ ನೆವಾಡಾ ಬೆಟ್ಟ ಹತ್ತುತ್ತಿದ್ದರು. 1981ರ ಸೆಪ್ಟೆಂಬರ್‌ನಲ್ಲಿ ಐಪಿ ಮತ್ತು ಟಿಸಿಪಿ ನಿಯಮಗಳು ಆರ್‌ಎಫ್‌ಸಿ 791, 793 ಆಗಿ ಬಂದದ್ದು ಅವರ ಸಂಪಾದಕತ್ವದಲ್ಲಿ. ನಾವು ಕಳಿಸುವುದು ಕಟ್ಟುನಿಟ್ಟಾಗಿ ನಿಯಮದಂತೆ ಇರಬೇಕು, ಬೇರೆಯವರಿಂದ ಬಂದದ್ದರಲ್ಲಿ ಸಣ್ಣಪುಟ್ಟ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಂಡು ಸ್ವೀಕರಿಸಬೇಕು ಅನ್ನೋದು ಅವರ ಪ್ರಸಿದ್ಧ ಸೂತ್ರ. ಪ್ರೋಟೋಕಾಲ್ ಬಗ್ಗೆ ಹೇಳಿದ್ದು ನಿಜ, ಆದರೆ ಹಾಸ್ಟೆಲ್ ರೂಮ್‌ಮೇಟ್ ವಿಷಯದಲ್ಲೂ ಕೆಲಸ ಮಾಡುತ್ತೆ ಅಂತ ನಮ್ಮ ಅನುಭವ.

ಈಗ ಇಮೇಲ್ ವಿಷಯಕ್ಕೆ ಬರೋಣ. ಅರ್ಪಾನೆಟ್‌ನಲ್ಲಿ ಮೇಲ್ 1971ರಿಂದಲೇ ಓಡಾಡುತ್ತಿತ್ತು. ಆದರೆ ಅದಕ್ಕೆ ಸ್ವಂತ ಗಾಡಿ ಇರಲಿಲ್ಲ. ಫೈಲ್ ಕಳಿಸುವ ಎಫ್‌ಟಿಪಿಯ ಬೆನ್ನ ಮೇಲೆ ಕೂತು ಹೋಗುತ್ತಿತ್ತು. ಒಂದೇ ಪತ್ರ ಒಂದೇ ಜಾಗದ ಹತ್ತು ಜನಕ್ಕೆ ಹೋಗಬೇಕಾದರೆ ಹತ್ತು ಸಲ ಸಾಗಿಸಬೇಕಿತ್ತು. 1982ರ ಆಗಸ್ಟ್‌ನಲ್ಲಿ ಪೋಸ್ಟೆಲ್ ಬರೆದ ಆರ್‌ಎಫ್‌ಸಿ 821 ಬಂತು, ಅದೇ ಎಸ್‌ಎಂಟಿಪಿ. ಹೆಸರಿನ ಮೊದಲ ಅಕ್ಷರಕ್ಕೆ ಸರಳ ಅಂತ ಅರ್ಥ, ನಿಜವಾಗಿಯೂ ಸರಳ. ಎರಡು ಕಂಪ್ಯೂಟರ್‌ಗಳು ಫೋನಿನಲ್ಲಿ ಮಾತಾಡಿದ ಹಾಗೆ. ಮೊದಲು ಹೆಲೋ ಅಂತ ಹೇಳಿ ತನ್ನ ಹೆಸರು ಹೇಳಬೇಕು. ಇಂಗ್ಲಿಷಿನಲ್ಲಿ ಆ ಹೆಲೋಗೆ ಒಂದು ಎಲ್ ಕಮ್ಮಿ, ಯಾಕಂದ್ರೆ ಎಲ್ಲ ಕಮಾಂಡ್‌ಗಳೂ ನಾಲ್ಕೇ ಅಕ್ಷರ. ಆಮೇಲೆ ಪತ್ರ ಯಾರಿಂದ, ಯಾರಿಗೆ, ಕೊನೆಗೆ ಪತ್ರ. ಮುಗಿಯಿತು ಅನ್ನೋದಕ್ಕೆ ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕಿ.

ಇದರಲ್ಲಿ ನಮಗೆ ತುಂಬಾ ಇಷ್ಟವಾದದ್ದು ಲಕೋಟೆ ಮತ್ತು ಕಾಗದ ಬೇರೆ ಬೇರೆ ಅನ್ನೋ ಯೋಚನೆ. ಪತ್ರದ ಒಳಗೆ ನಾವು ನೋಡುವ ಯಾರಿಗೆ, ಯಾರಿಂದ, ವಿಷಯ ಎಂಬ ಸಾಲುಗಳು ಒಳಗಿನ ಕಾಗದದ್ದು. ಅದರ ನಿಯಮ ಅದೇ ತಿಂಗಳು ಬಂದ ಆರ್‌ಎಫ್‌ಸಿ 822ರಲ್ಲಿದೆ, ಬರೆದವರು ಡೇವ್ ಕ್ರಾಕರ್. ಪೋಸ್ಟೆಲ್ ಬರೆದದ್ದು ಲಕೋಟೆಯ ನಿಯಮ. ತಲುಪಿಸುವ ಯಂತ್ರ ನೋಡಬೇಕಾದದ್ದು ಲಕೋಟೆಯನ್ನು ಮಾತ್ರ. ಹಾಗಾಗಿಯೇ ಬಿಸಿಸಿ ಸಾಧ್ಯ. ಲಕೋಟೆಯ ಮೇಲೆ ಹೆಸರಿದೆ, ಒಳಗಿನ ಕಾಗದದಲ್ಲಿಲ್ಲ. ಒಂದೇ ಆಫೀಸಿನ ಇಪ್ಪತ್ತು ಜನಕ್ಕೆ ಪತ್ರ ಇದ್ದರೆ ಲಕೋಟೆಯ ಮೇಲೆ ಇಪ್ಪತ್ತು ಹೆಸರು ಬರೆದು ಕಾಗದವನ್ನು ಒಂದೇ ಸಲ ಕಳಿಸಬಹುದು. ಈ ಲಕೋಟೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಎಸ್‌ಎಂಟಿಪಿಯಲ್ಲಿ ಒಂದು ಮೂಲ ಊಹೆ ಇದೆ. ಪತ್ರ ಪಡೆಯುವ ಯಂತ್ರ ಯಾವಾಗಲೂ ಆನ್ ಇರುತ್ತೆ, ಯಾವಾಗಲೂ ನೆಟ್‌ವರ್ಕ್‌ನಲ್ಲಿ ಇರುತ್ತೆ. ಪತ್ರ ಇದ್ದವನು ಬಾಗಿಲು ತಟ್ಟುತ್ತಾನೆ, ಒಳಗಿನವನು ತೆಗೀತಾನೆ. 1982ರ ದೊಡ್ಡ ವಿಶ್ವವಿದ್ಯಾಲಯಗಳಿಗೆ ಇದು ಸರಿ. ಆದರೆ ಫೋನ್ ಲೈನಿನ ಮೇಲೆ ಬದುಕುವ ಜಾಗಗಳೂ ಇವೆ ಅನ್ನೋದು ಪೋಸ್ಟೆಲ್ ಅವರಿಗೆ ಗೊತ್ತಿತ್ತು. ಅದಕ್ಕೇ ಟರ್ನ್ ಇಟ್ಟರು. ಸಂಪರ್ಕ ಪಡೆಯೋದೇ ದುಬಾರಿಯಾದಾಗ, ಉದಾಹರಣೆಗೆ ಸಾಮಾನ್ಯ ಟೆಲಿಫೋನ್ ಲೈನಿನ ಮೇಲೆ, ಇದು ಉಪಯೋಗಕ್ಕೆ ಬರಬಹುದು ಅಂತ ಆ ದಾಖಲೆಯಲ್ಲೇ ವಿವರಣೆ ಇದೆ. ಫೋನ್ ಮಾಡಿದವನು ಮೊದಲು ತನ್ನ ಪತ್ರಗಳನ್ನು ಕೊಡ್ತಾನೆ. ಆಮೇಲೆ ಟರ್ನ್ ಅಂತಾನೆ. ಆಗ ಪಾತ್ರಗಳು ಅದಲುಬದಲು: ಇಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದವನು ಈಗ ಕೊಡುವವನು. ಒಂದೇ ಕರೆಯಲ್ಲಿ ಹೋಗುವ ಟಪಾಲೂ ಮುಗೀತು, ಬರುವ ಟಪಾಲೂ ಮುಗೀತು.

ಹತ್ತು ಹದಿಮೂರು ವರ್ಷದ ನಂತರ ಈ ಸಮಸ್ಯೆ ಎಷ್ಟು ದೊಡ್ಡದಾಗುತ್ತೆ ಅಂತ ಆಗ ಯಾರು ಕಂಡಿದ್ದರು? 1990ರ ದಶಕದ ಮಧ್ಯದಲ್ಲಿ ಸಣ್ಣ ಸಣ್ಣ ಆಫೀಸುಗಳೂ ಇಂಟರ್ನೆಟ್‌ಗೆ ಬಂದವು. ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಾಗಲೂ ಹೆಚ್ಚಿನವರು ಸೇರಿದ್ದು ಫೋನ್ ಲೈನ್ ಮತ್ತು ಮೋಡೆಮ್ ಮೂಲಕವೇ. ಒಂದು ಆಫೀಸನ್ನು ಊಹಿಸಿಕೊಳ್ಳಿ. ಒಳಗೆ ಕೇಬಲ್ ಎಳೆದು ಜೋಡಿಸಿದ ಇಪ್ಪತ್ತು ಕಂಪ್ಯೂಟರ್. ಅವುಗಳ ನಡುವೆ ಮೇಲ್ ಕ್ಷಣದಲ್ಲಿ ಹೋಗುತ್ತೆ. ಹೊರಲೋಕಕ್ಕೆ ಇರೋದು ಒಂದೇ ಮೋಡೆಮ್, ವೇಗ ಸೆಕೆಂಡಿಗೆ 9600 ಬಿಟ್. ಅಂದ್ರೆ ಸೆಕೆಂಡಿಗೆ ಸುಮಾರು 960 ಅಕ್ಷರ. ಎರಡು ಪುಟದ ಪತ್ರ ಕೆಲವು ಸೆಕೆಂಡಿನಲ್ಲಿ ಬಂದುಬಿಡುತ್ತೆ. 1 ಎಂಬಿಯ ಫೈಲ್ ಬರಲು ಹತ್ತಿರ ಹತ್ತಿರ 18 ನಿಮಿಷ! ಅಷ್ಟು ಹೊತ್ತೂ ಫೋನ್ ಮೀಟರ್ ಓಡ್ತಾ ಇರುತ್ತೆ, ಆಫೀಸಿಗೆ ಬೇರೆ ಕರೆ ಬರೋ ಹಾಗಿಲ್ಲ. ದಿನವಿಡೀ ಲೈನ್ ಹಿಡಿದಿಟ್ಟುಕೊಳ್ಳೋಕೆ ಆಗಲ್ಲ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಡಯಲ್ ಮಾಡಬೇಕು.

ಮಿಕ್ಕ ಹೊತ್ತಿನಲ್ಲಿ ಬಂದ ಮೇಲ್ ಎಲ್ಲಿರುತ್ತೆ? ಇಲ್ಲಿ ಡಿಎನ್‌ಎಸ್ ಸಹಾಯಕ್ಕೆ ಬರುತ್ತೆ. ಅದು ಕೂಡ 1983ರಲ್ಲಿ ಪೋಸ್ಟೆಲ್ ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್ ಐಎಸ್‌ಐನಲ್ಲೇ ರೂಪಿಸಿದ್ದು. ಈ ಆಫೀಸಿನ ಟಪಾಲು ಮೊದಲು ಈ ಯಂತ್ರಕ್ಕೆ, ಅದು ಸಿಗದಿದ್ದರೆ ಆ ಯಂತ್ರಕ್ಕೆ ಕೊಡಿ ಅಂತ ಎಂಎಕ್ಸ್ ಎಂಬ ದಾಖಲೆಯಲ್ಲಿ ಬರೆದಿಡಬಹುದು. ಮೊದಲ ಹೆಸರು ಆಫೀಸಿನದು, ಎರಡನೆಯದು ಇಂಟರ್ನೆಟ್ ಕಂಪನಿಯದು. ಆಫೀಸಿನ ಬಾಗಿಲು ಹಾಕಿದ್ದರೆ ಪತ್ರ ಕಂಪನಿಯ ಸರ್ವರಿಗೆ ಹೋಗಿ ಸಾಲಿನಲ್ಲಿ ಕೂರುತ್ತೆ. ಪಕ್ಕದ ಮನೆಯಲ್ಲಿ ಪಾರ್ಸೆಲ್ ಕೊಟ್ಟು ಹೋಗ್ತಾರಲ್ಲ, ಹಾಗೆ. ಆದರೆ ಆಫೀಸು ಫೋನ್ ಮಾಡಿದ ಕ್ಷಣ ಆ ಸರ್ವರಿಗೆ ಗೊತ್ತಾಗೋದು ಹೇಗೆ? ಅದು ತನ್ನ ಲೆಕ್ಕದಲ್ಲಿ ಅರ್ಧ ಗಂಟೆಗೋ ಒಂದು ಗಂಟೆಗೋ ಒಮ್ಮೆ ಪ್ರಯತ್ನಿಸುತ್ತೆ. ಅಷ್ಟರಲ್ಲಿ ಆಫೀಸು ಫೋನ್ ಇಟ್ಟಾಗಿರುತ್ತೆ.

ಒಂದು ದಾರಿ ಪಾಪ್. ಅದರ ಎರಡನೇ ಆವೃತ್ತಿ, 1985ರ ಆರ್‌ಎಫ್‌ಸಿ 937, ಬರೆದವರ ಪಟ್ಟಿಯಲ್ಲೂ ಪೋಸ್ಟೆಲ್ ಇದ್ದಾರೆ. ಪತ್ರ ಪೆಟ್ಟಿಗೆಯಲ್ಲಿ ಇರುತ್ತೆ, ನಾವೇ ಹೋಗಿ ಪಾಸ್‌ವರ್ಡ್ ಹೇಳಿ ತರಬೇಕು. ಒಬ್ಬ ಮನುಷ್ಯನಿಗೆ ಇದು ಚೆನ್ನಾಗಿದೆ. ಇಪ್ಪತ್ತು ಜನಕ್ಕೆ ಇಪ್ಪತ್ತು ಪೆಟ್ಟಿಗೆ ಬಾಡಿಗೆಗೆ ತಗೊಳ್ಳೋದು ದುಬಾರಿ ಅಂತ ಇಡೀ ಆಫೀಸಿನ ಮೇಲ್ ಒಂದೇ ಪೆಟ್ಟಿಗೆಗೆ ತುಂಬಿಸಿ, ತಂದ ಮೇಲೆ ಒಳಗೆ ಹಂಚುವವರಿದ್ದರು. ಎಡವಟ್ಟು ಆಗುತ್ತಿದ್ದದ್ದು ಅಲ್ಲೇ. ಪೆಟ್ಟಿಗೆಗೆ ಬೀಳುವಾಗ ಲಕೋಟೆಯನ್ನು ಹರಿದು ಬಿಸಾಡಿ ಆಗಿರುತ್ತೆ, ಉಳಿಯೋದು ಒಳಗಿನ ಕಾಗದ ಮಾತ್ರ. ಬಿಸಿಸಿಯಲ್ಲಿ ಬಂದ ಪತ್ರ ಯಾರಿಗೆ ಅಂತ ಕಾಗದದಲ್ಲಿ ಬರೆದೇ ಇರಲ್ಲ. ಆಫೀಸಿನ ಸರ್ವರ್ ಊಹೆ ಮಾಡಬೇಕು, ಊಹೆ ತಪ್ಪಿದರೆ ಪತ್ರ ಬೇರೆಯವರ ಕೈಗೆ. ಪೋಸ್ಟೆಲ್ ಲಕೋಟೆಯನ್ನು ಬೇರೆ ಇಟ್ಟದ್ದು ಯಾಕೆ ಅನ್ನೋದು ಅದು ಕಳೆದುಹೋದಾಗ ಗೊತ್ತಾಗುತ್ತಿತ್ತು.

ಹಾಗಾದ್ರೆ ಲಕೋಟೆ ಸಮೇತ ಕೊಡುವ ಟರ್ನ್ ಇದೆಯಲ್ಲ, ಅದನ್ನೇ ಬಳಸಬಹುದಿತ್ತಲ್ವಾ? ಸಮಸ್ಯೆ ಹೆಲೋದಲ್ಲಿತ್ತು. ಫೋನ್ ಮಾಡಿದವನು ತನ್ನ ಹೆಸರು ತಾನೇ ಹೇಳ್ತಾನೆ, ಸರ್ವರ್ ನಂಬುತ್ತೆ. ಯಾರೋ ಒಬ್ಬ ನಮ್ಮ ಆಫೀಸಿನ ಹೆಸರು ಹೇಳಿ ಟರ್ನ್ ಅಂದ್ರೆ ನಮ್ಮ ಟಪಾಲೆಲ್ಲ ಅವನ ಕೈಗೆ. ಒಬ್ಬರನ್ನೊಬ್ಬರು ಬಲ್ಲ ಕೆಲವು ನೂರು ಯಂತ್ರಗಳ ಕಾಲದಲ್ಲಿ ಇದು ತೊಂದರೆ ಅನ್ನಿಸಿರಲಿಕ್ಕಿಲ್ಲ. ಹಾಗಂತ ಪೋಸ್ಟೆಲ್ ಕಣ್ಣುಮುಚ್ಚಿ ನಂಬುವವರೂ ಅಲ್ಲ. 1975ರಷ್ಟು ಹಿಂದೆಯೇ, ಬೇಡದ ಸಂದೇಶ ಸುರಿಸುವ ಯಂತ್ರವನ್ನು ತಡೆಯುವ ವ್ಯವಸ್ಥೆ ನಮ್ಮಲ್ಲಿಲ್ಲ ಅಂತ ಆರ್‌ಎಫ್‌ಸಿ 706ರಲ್ಲಿ ಒಂದೇ ಪುಟದಲ್ಲಿ ಎಚ್ಚರಿಸಿದ್ದರು. ಸ್ಪ್ಯಾಮ್ ಅನ್ನೋ ಪದ ಇಮೇಲ್‌ಗೆ ಅಂಟಿಕೊಳ್ಳುವ ಎಷ್ಟೋ ವರ್ಷ ಮೊದಲು.

1996ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 1985 ಇದಕ್ಕೊಂದು ಜಾಣ ಪರಿಹಾರ ಕೊಟ್ಟಿತು. ಹೆಸರು ಇಟರ್ನ್. ಆಫೀಸು ಫೋನ್ ಮಾಡಿ, ನಮ್ಮ ಟಪಾಲು ಕಳಿಸು ಅನ್ನುತ್ತೆ. ಸರ್ವರ್ ಅದೇ ಲೈನಿನಲ್ಲಿ ಕೊಡಲ್ಲ. ಆ ಹೆಸರಿನ ವಿಳಾಸವನ್ನು ಡಿಎನ್‌ಎಸ್‌ನಲ್ಲಿ ಹುಡುಕಿ, ಅಲ್ಲಿಗೆ ತಾನೇ ಹೊಸ ಸಂಪರ್ಕ ತೆರೆದು ಕಳಿಸುತ್ತೆ. ಸುಳ್ಳು ಹೆಸರು ಹೇಳಿದವನಿಗೆ ಏನೂ ಸಿಗಲ್ಲ, ಯಾಕಂದ್ರೆ ಟಪಾಲು ಹೋಗೋದು ನಿಜವಾದ ಮನೆಗೆ. ಪ್ರತಿ ಸಲ ಡಯಲ್ ಮಾಡಿದಾಗ ಹೊಸ ಐಪಿ ವಿಳಾಸ ಸಿಗುವ ಆಫೀಸಿಗೆ ಮಾತ್ರ ಇದು ಆಗಿಬರಲ್ಲ, ನಿಜವಾದ ಮನೆಯೇ ದಿನಾ ಬದಲಾಗ್ತಾ ಇರುತ್ತಲ್ಲ.

ಇಮೇಲ್ ನಿಯಮಗಳು ಹೀಗೆ ನಂಬಿಕೆಯಿಂದ ಪರಿಶೀಲನೆಯ ಕಡೆಗೆ ಹೊರಳುತ್ತಿದ್ದಾಗ ಪೋಸ್ಟೆಲ್ ಕೂತಿದ್ದ ಕುರ್ಚಿಗೂ ಅದೇ ಪ್ರಶ್ನೆ ಬಂತು. ದೇಶಗಳಿಗೆ ಡೊಮೈನ್ ಹಂಚಿದವರು ಅವರೇ. ಯಾವುದು ದೇಶ, ಯಾವುದು ಅಲ್ಲ ಎಂಬ ಜಗಳಕ್ಕೆ ಕೈ ಹಾಕದೆ ಐಎಸ್‌ಒ 3166 ಎಂಬ ಸಿದ್ಧ ಪಟ್ಟಿಯನ್ನೇ ಹಿಡಿದರು. ನಮ್ಮ ಡಾಟ್ ಇನ್ ಆ ಪಟ್ಟಿಯ ಪ್ರಕಾರ 1989ರ ಮೇನಲ್ಲಿ ದಾಖಲಾಯಿತು. ಆದರೆ 1995ರಿಂದ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿ ಡಾಟ್ ಕಾಮ್ ಹೆಸರುಗಳಿಗೆ ದುಡ್ಡು ತಗೊಳ್ಳೋಕೆ ಶುರು ಮಾಡಿದ ಮೇಲೆ ಹೆಸರು ಅಂದ್ರೆ ವ್ಯಾಪಾರ ಆಯಿತು. ಇಷ್ಟು ದೊಡ್ಡ ಅಧಿಕಾರ ಒಬ್ಬ ಗಡ್ಡದ ಮನುಷ್ಯನ ಕೈಯಲ್ಲಿ ಯಾಕಿರಬೇಕು, ಕೊಟ್ಟವರು ಯಾರು ಅಂತ ಸರ್ಕಾರ, ಕಂಪನಿ, ವಕೀಲರು ಎಲ್ಲರೂ ಕೇಳತೊಡಗಿದರು.

1998ರ ಜನವರಿ 28ರಂದು ಪೋಸ್ಟೆಲ್ ಒಂದು ಇಮೇಲ್ ಕಳಿಸಿದರು. ಹೋದದ್ದು ಡಿಎನ್‌ಎಸ್‌ನ ರೂಟ್ ಸರ್ವರ್ ನಡೆಸುವವರಿಗೆ. ಮೂಲ ಪಟ್ಟಿಯನ್ನು ಇನ್ನು ಮುಂದೆ ನೆಟ್‌ವರ್ಕ್ ಸೊಲ್ಯೂಷನ್ಸ್‌ನ ಯಂತ್ರದಿಂದ ಅಲ್ಲ, ಐಎಎನ್‌ಎ ಯಂತ್ರದಿಂದ ತಗೊಳ್ಳಿ ಅನ್ನೋದು ವಿನಂತಿ. ಹನ್ನೆರಡು ಸರ್ವರ್‌ಗಳಲ್ಲಿ ಎಂಟು ಮರುಮಾತಿಲ್ಲದೆ ಬದಲಾದವು. ಹೆಲೋ ಅಂದರು, ನಂಬಿದರು. ಎರಡೂ ಕಡೆ ಪಟ್ಟಿ ಒಂದೇ ಆಗಿದ್ದರಿಂದ ಜಗತ್ತಿನ ಯಾವ ಬಳಕೆದಾರನಿಗೂ ಏನೂ ಗೊತ್ತಾಗಲಿಲ್ಲ. ಶ್ವೇತಭವನದ ಸಲಹೆಗಾರ ಐರಾ ಮ್ಯಾಗಜಿನರ್ ಅವರಿಗೆ ಗೊತ್ತಾಯಿತು, ಸಿಟ್ಟಿನ ಕರೆ ಬಂತು. ಇದು ಪರೀಕ್ಷೆ ಅಷ್ಟೆ ಅಂತ ಪೋಸ್ಟೆಲ್ ಹೇಳಿದರು, ಕೆಲವೇ ದಿನಗಳಲ್ಲಿ ಎಲ್ಲವೂ ಹಿಂದಿನ ಹಾಗಾಯಿತು. ಬರೀ ಪರೀಕ್ಷೆ ಆಗಿತ್ತು ಅಂತ ನಮಗಂತೂ ಅನ್ನಿಸಲ್ಲ. ಬೇರು ಯಾರ ಮಾತು ಕೇಳುತ್ತೆ ಅಂತ ಅವರು ಒಂದು ಸಲ ತೋರಿಸಿದರು ಅನ್ನಿಸುತ್ತೆ.

ತಮ್ಮ ಕೆಲಸವನ್ನು ಒಂದು ಸಂಸ್ಥೆಗೆ ಒಪ್ಪಿಸಲು ಅವರು ಆ ವರ್ಷವಿಡೀ ದುಡಿದರು. ಐಕ್ಯಾನ್ 1998ರ ಸೆಪ್ಟೆಂಬರ್ ಕೊನೆಗೆ ನೋಂದಣಿಯಾಯಿತು. ಅಕ್ಟೋಬರ್ 16ರಂದು ಲಾಸ್ ಏಂಜಲೀಸ್‌ನಲ್ಲಿ, ಹೃದಯದ ಕವಾಟದ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯಿಂದ ಪೋಸ್ಟೆಲ್ ತೀರಿಕೊಂಡರು. 55 ವರ್ಷ. ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿ ಪೇಪರಿಗೆ ಹೋಗಲಿಲ್ಲ, ಆರ್‌ಎಫ್‌ಸಿ 2468 ಆಗಿ ಬಂತು. ಹಳೆಯ ಶಾಲೆಯ ಗೆಳೆಯನ ಸಾವಿಗೂ ಒಂದು ನಂಬರ್ ಸಿಕ್ಕಿತು.

ಮರುವರ್ಷ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 2645 ಪ್ರಕಟವಾಯಿತು. ದಿನಾ ವಿಳಾಸ ಬದಲಾಗುವ ಡಯಲ್-ಅಪ್ ಆಫೀಸುಗಳಿಗೆ ಅಂತಲೇ ಬರೆದದ್ದು, ಕಮಾಂಡಿನ ಹೆಸರು ಎಟರ್ನ್. ಒಳಗೆ ನೋಡಿದರೆ ಪೋಸ್ಟೆಲ್ ಅವರ ಹಳೆಯ ಟರ್ನ್: ಅದೇ ಕರೆ, ಅದೇ ಲೈನ್, ಪಾತ್ರಗಳ ಅದೇ ಅದಲುಬದಲು, ಲಕೋಟೆ ಸಮೇತ ಟಪಾಲು. ಸೇರಿದ್ದು ಒಂದೇ ಹೆಜ್ಜೆ. ತಿರುಗುವ ಮುಂಚೆ ಪಾಸ್‌ವರ್ಡ್ ಕೊಟ್ಟು ಗುರುತು ತೋರಿಸಬೇಕು. ಇದಕ್ಕೆ ಬೇರೆಯೇ ಪೋರ್ಟ್ ಇದೆ, 366. ಅದೂ ಅವರ ಪಟ್ಟಿಯಲ್ಲೇ ಇದೆ.